ಬೀಗರ ಹೆಸರಿನ ಮೇಲೊಂದು ಗೆರೆ

ಬೀಗರಿಗೆ ಮೊದಲ ಕಾಗದ ಬರೆಯುವುದು ಹೆಣ್ಣು ಹೆತ್ತವರ ಪಾಲಿಗೆ ಯಾವ ಕಾಲದಲ್ಲಿಯೂ ಸುಲಭದ ಕೆಲಸವಾಗಿರಲಿಲ್ಲ. ವಿನಯ ಒಂದು ಗುಲಗಂಜಿಯಷ್ಟು ಕಡಿಮೆಯಾದರೆ ಗರ್ವವೆನ್ನುತ್ತಾರೆ, ಹೆಚ್ಚಾದರೆ ದೈನ್ಯವೆನ್ನುತ್ತಾರೆ. ಹೆಸರಿನ ಹಿಂದೆ ಹಾಕಬೇಕಾದ ಗೌರವದ ಅಕ್ಷರಗಳು ಬಿಟ್ಟುಹೋದವೆಂಬ ಒಂದೇ ಕಾರಣಕ್ಕೆ ಮದುವೆಯ ಮನೆಯಲ್ಲಿ ಮುಖ ಗಂಟಿಕ್ಕಿಕೊಂಡು ಕುಳಿತ ಹಿರಿಯರ ಕಥೆ ಪ್ರತಿಯೊಂದು ಮನೆತನದಲ್ಲಿಯೂ ಒಂದಾದರೂ ಉಂಟು. ಹೀಗಿರುವಾಗ ಬೀಗರು ಸ್ಪೇನ್ ದೇಶದವರಾಗಿ, ಕಾಗದ ಸ್ಪ್ಯಾನಿಷ್ ಭಾಷೆಯಲ್ಲಿಯೇ ಇರಬೇಕಾಗಿ, ಮನೆಯಲ್ಲಿರುವ ಕೀಲಿಮಣೆ ಮಾತ್ರ ಅಪ್ಪಟ ಇಂಗ್ಲಿಷಿನದಾಗಿದ್ದರೆ ಬರೆಯುವವರ ಪಾಡೇನು? ಬೆಂಗಳೂರಿನ ಬಸವನಗುಡಿಯ ನಿವೃತ್ತ ರಾಯರೊಬ್ಬರಿಗೆ ಒದಗಿದ್ದು ಇದೇ ಪೇಚು.

ಕೀಲಿಮಣೆಯ ಮಟ್ಟಿಗೆ ರಾಯರು ಸಾಮಾನ್ಯರಲ್ಲ. ಬೆರಳಚ್ಚಿನ ಸೀನಿಯರ್ ಪರೀಕ್ಷೆಯನ್ನು ಎಳೆಯ ವಯಸ್ಸಿನಲ್ಲಿಯೇ ಪಾಸು ಮಾಡಿ, ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಟೈಪ್‌ರೈಟರಿನ ಮುಂದೆ ಕುಳಿತವರು. ಕೀಲಿಗಳ ಕಡೆಗೆ ಕಣ್ಣು ಹಾಯಿಸದೆ, ಎದುರಿಗೆ ನಿಂತವರೊಡನೆ ಮಾತನಾಡುತ್ತಲೇ, ಒಂದು ಪುಟವನ್ನು ಒಂದು ತಪ್ಪೂ ಇಲ್ಲದೆ ಇಳಿಸಬಲ್ಲರೆಂಬ ಖ್ಯಾತಿ ಅವರಿಗಿತ್ತು. ಅವರ ಒಬ್ಬಳೇ ಮಗಳು ಮ್ಯಾಡ್ರಿಡ್ ನಗರದಲ್ಲಿ ಓದಿ, ಅಲ್ಲಿಯೇ ಉದ್ಯೋಗ ಹಿಡಿದು, ಆ ಊರಿನ ಹುಡುಗನೊಬ್ಬನನ್ನು ಮೆಚ್ಚಿಕೊಂಡಳು. ಎರಡು ಮನೆಯವರೂ ಒಪ್ಪಿದರು. ಹುಡುಗನ ತಂದೆತಾಯಿಗಳಿಗೆ ಇಂಗ್ಲಿಷ್ ಬಾರದು. ‘ಮಗಳ ಬಾಯಿಂದ ಹೇಳಿಸಿದರೆ ಅದು ಮಗಳ ಮಾತಾಯಿತು; ನಮ್ಮ ಮಾತು ನಾವೇ ಆಡಬೇಡವೆ?’ ಎಂದು ರಾಯರು ಎಂಟು ತಿಂಗಳು ಪುಸ್ತಕ ಹಿಡಿದು ಸ್ಪ್ಯಾನಿಷ್ ಅಭ್ಯಾಸ ಮಾಡಿದರು. ಹದಿನಾಲ್ಕು ಸಾಲಿನ ಒಂದು ಕಾಗದ ಸಿದ್ಧವಾಯಿತು. ಬೀಗರಿಗೆ ಕಳುಹಿಸುವುದಕ್ಕೆ ಮುಂಚೆ ಒಮ್ಮೆ ನೋಡಿಬಿಡಲೆಂದು ಅದನ್ನು ಮಗಳಿಗೆ ಇ-ಮೇಲ್ ಮಾಡಿದರು.

ಹತ್ತು ನಿಮಿಷಕ್ಕೆ ದೂರವಾಣಿ ಬಾರಿಸಿತು. “ಅಪ್ಪಾ, ಇದನ್ನು ಅವರಿಗೆ ಕಳಿಸಿಬಿಟ್ಟಿಲ್ಲ ತಾನೆ?” ಎಂದಳು ಮಗಳು. ಧ್ವನಿಯಲ್ಲಿ ನಗುವಿತ್ತೋ ಅಳುವಿತ್ತೋ ರಾಯರಿಗೆ ತಿಳಿಯಲಿಲ್ಲ.

ಕಾಗದದಲ್ಲಿ ವ್ಯಾಕರಣದ ತಪ್ಪು ಒಂದೂ ಇರಲಿಲ್ಲ. ಎಂಟು ತಿಂಗಳ ಶ್ರಮ ವ್ಯರ್ಥವಾಗಿರಲಿಲ್ಲ. ಇಲ್ಲದ್ದು ಗೆರೆಗಳು ಮಾತ್ರ. ಸ್ಪ್ಯಾನಿಷಿನಲ್ಲಿ ‘ಪಪಾ’ ಎಂದರೆ ತಂದೆ. ಆ ಮಾತಿನ ಕೊನೆಯ ಸ್ವರದ ನೆತ್ತಿಯ ಮೇಲೆ ಒಂದು ಓರೆಗೆರೆ ಇರಬೇಕು. ಗೆರೆ ಬಿಟ್ಟರೆ ಒತ್ತು ಮೊದಲನೆಯ ಸ್ವರಕ್ಕೆ ಜಾರಿ, ಅದೇ ಮಾತಿಗೆ ಪೋಪ್ ಮಹಾಶಯರೆಂಬ ಅರ್ಥ ಬರುತ್ತದೆ. ‘ನಾನು ಹುಡುಗಿಯ ತಂದೆ’ ಎಂದು ರಾಯರು ವಿನಯದಿಂದ ಬರೆದ ವಾಕ್ಯ, ರೋಮಿನ ಧರ್ಮಪೀಠದಿಂದ ಹೊರಟ ನಿರೂಪದಂತೆ ಓದಿಸಿಕೊಳ್ಳುತ್ತಿತ್ತು. ಅದೇ ಕಾಗದ ಮೆಕ್ಸಿಕೋ ದೇಶಕ್ಕೆ ಹೋಗಿದ್ದರೆ ಇನ್ನೊಂದು ಅರ್ಥವೂ ದೊರೆಯುತ್ತಿತ್ತು. ಅಲ್ಲಿ ಗೆರೆಯಿಲ್ಲದ ‘ಪಾಪ’ ಎಂದರೆ ಆಲೂಗಡ್ಡೆ.

ಎರಡನೆಯ ತಪ್ಪು ಇದಕ್ಕಿಂತ ಗಂಭೀರವಾದುದು. ಸ್ಪ್ಯಾನಿಷರು ‘ಅವಳ ವಯಸ್ಸು 28’ ಎನ್ನುವುದಿಲ್ಲ. ‘ಅವಳಿಗೆ 28 ವರ್ಷಗಳಿವೆ’ ಎನ್ನುತ್ತಾರೆ. ವರ್ಷಕ್ಕೆ ಅವರ ಮಾತು ‘ಆನ್ಯೊ’. ಅದರ ನಡುವಣ ಎನ್ ಅಕ್ಷರದ ತಲೆಯ ಮೇಲೆ ಹಾವಿನಂತೆ ಬಳುಕಿದ ಒಂದು ಗೆರೆಯುಂಟು. ಅದನ್ನು ಬಿಟ್ಟರೆ ಮಾತು ‘ಆನೊ’ ಎಂದಾಗಿ, ವೈದ್ಯರೆದುರಿಗೆ ಮಾತ್ರ ಹೆಸರಿಸತಕ್ಕ ಒಂದು ಶರೀರಭಾಗವನ್ನು ಸೂಚಿಸುತ್ತದೆ. ಅಂಥವು ತಮ್ಮ ಮಗಳಿಗೆ 28 ಇವೆಯೆಂದು ರಾಯರು ಬೀಗರಿಗೆ ತಿಳಿಸಲಿದ್ದರು.

ಮೂರನೆಯದನ್ನು ಹೇಳುವಾಗ ಮಗಳು ನಗಲಿಲ್ಲ. ಬೀಗರ ಮನೆತನದ ಹೆಸರಿನಲ್ಲಿಯೂ ಆ ಬಳುಕುಗೆರೆಯ ಎನ್ ಇತ್ತು. ಗೆರೆಯಿದ್ದರೆ ಆ ಹೆಸರಿಗೆ ಬಂಡೆಯೆಂದು ಅರ್ಥ. ತಲೆತಲಾಂತರದಿಂದ ಬಂದ, ಗಟ್ಟಿಯಾದ ಹೆಸರು. ಗೆರೆಯಿಲ್ಲದಿದ್ದರೆ ಅದರ ಅರ್ಥ ದುಃಖ. ಶುಭಕಾರ್ಯದ ಕಾಗದದ ಮೊದಲ ಸಾಲಿನಲ್ಲಿಯೇ ರಾಯರು ಬೀಗರನ್ನು ‘ಮಾನ್ಯ ದುಃಖದವರೇ’ ಎಂದು ಸಂಬೋಧಿಸಿದ್ದರು. “ಅವರು ಏನೂ ಅನ್ನುವುದಿಲ್ಲ, ಅಪ್ಪ. ಹೊರದೇಶದವರೆಲ್ಲರೂ ಹಾಗೆಯೇ ಬರೆಯುತ್ತಾರೆ, ಅವರಿಗೆ ಅಭ್ಯಾಸವಾಗಿಹೋಗಿದೆ” ಎಂದಳು ಮಗಳು. ಸಮಾಧಾನಕ್ಕಾಗಿ ಆಡಿದ ಆ ಮಾತೇ ರಾಯರ ಮನಸ್ಸಿಗೆ ಚುಚ್ಚಿತು.

ಚುಚ್ಚದೆ ಏನು ಮಾಡೀತು? ತಂಗಿಯ ಮಗ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಬರೆದು ಕಳುಹಿಸಿದಾಗಲೆಲ್ಲ ಇದೇ ರಾಯರು ಅವನನ್ನು ಗದರಿಸಿದ್ದರು. ‘ರಜಕ್ಕೆ ಹಳ್ಳಿಗೆ ಹೋಗುತ್ತೇನೆಂದು ಬರೆದಿದ್ದೀಯೋ, ಹಲ್ಲಿಗೆ ಹೋಗುತ್ತೇನೆಂದು ಬರೆದಿದ್ದೀಯೋ? ಗದ್ದೆಯಲ್ಲಿರುವುದು ಬೆಳೆಯೋ ಬೆಲೆಯೋ? ಬಟ್ಟೆಗೆ ಆದದ್ದು ಕೊಳೆಯೋ ಕೊಲೆಯೋ?’ ಎಂದು ಕೇಳಿದ್ದರು. ‘ಓದುವವರಿಗೆ ಗೊತ್ತಾಗುತ್ತೆ ಬಿಡಿ, ಮಾವ’ ಎಂದಿದ್ದ ಹುಡುಗ. ಸ್ಪ್ಯಾನಿಷಿನ ಗೆರೆಗಳನ್ನು ಕಂಡಾಗ ರಾಯರು ತಾವೂ ಮನಸ್ಸಿನಲ್ಲಿ ಅದೇ ಮಾತನ್ನು ಆಡಿಕೊಂಡಿದ್ದರು. ಪುಸ್ತಕದಲ್ಲಿ ಅವು ಕಣ್ಣಿಗೆ ಬಿದ್ದಿರಲಿಲ್ಲವೆಂದಲ್ಲ. ಸೀರೆಯ ಅಂಚಿನ ಕಸೂತಿಯಂತೆ ಅಂದಕ್ಕೆ ಹಾಕಿದ್ದೆಂದು ಭಾವಿಸಿದ್ದರು.

ಅಂದು ರಾತ್ರಿ ಅವರು ಪುಸ್ತಕವನ್ನು ಮೊದಲಿನಿಂದ ತೆರೆದರು. ಗೆರೆಗಳಿಗೆ ಕಟ್ಟುನಿಟ್ಟಾದ ಶಾಸನವಿತ್ತು. ಸ್ವರದಿಂದಲೋ, ಎನ್ ಅಥವಾ ಎಸ್ ಅಕ್ಷರದಿಂದಲೋ ಮುಗಿಯುವ ಮಾತಿನಲ್ಲಿ ಉಚ್ಚಾರದ ಒತ್ತು ಕೊನೆಯಿಂದ ಎರಡನೆಯ ಅಕ್ಷರದ ಮೇಲೆ ಬೀಳುತ್ತದೆ. ಉಳಿದವುಗಳಲ್ಲಿ ಕೊನೆಯದರ ಮೇಲೆ. ಈ ನಿಯಮವನ್ನು ಮೀರಿದ ಮಾತಿಗೆ ಓರೆಗೆರೆ. ‘ಆಬ್ಲೊ’ ಎಂದರೆ ‘ಮಾತನಾಡುತ್ತೇನೆ’; ಕೊನೆಯ ಸ್ವರಕ್ಕೆ ಗೆರೆ ಹಾಕಿ ‘ಅಬ್ಲೋ’ ಎಂದರೆ ‘ಮಾತನಾಡಿದನು’. ಪುರುಷ, ಕಾಲ ಎರಡನ್ನೂ ಒಂದು ಗೆರೆ ಬದಲಾಯಿಸುತ್ತದೆ. ದೊಡ್ಡಕ್ಷರಗಳಿಗೆ ಗೆರೆ ಬೇಡವೆಂಬುದು ಸ್ಪೇನಿನಲ್ಲಿಯೂ ಅನೇಕರು ನಂಬಿರುವ ಸುಳ್ಳು. 1713ರಲ್ಲಿ ಸ್ಥಾಪಿತವಾದ ಅಲ್ಲಿನ ರಾಜಮಾನ್ಯ ಭಾಷಾ ಅಕಾಡೆಮಿ ಅವುಗಳಿಗೂ ಗೆರೆ ಬೇಕೆಂದೇ ಹೇಳುತ್ತದೆ. ಪ್ರಶ್ನೆಯ ವಾಕ್ಯಕ್ಕೆ ಕೊನೆಯಲ್ಲಿ ಮಾತ್ರವಲ್ಲದೆ ಆರಂಭದಲ್ಲಿಯೂ ತಲೆಕೆಳಗಾದ ಒಂದು ಪ್ರಶ್ನೆಚಿಹ್ನೆ ಬೇಕು. ಇದನ್ನು ಅಕಾಡೆಮಿ ವಿಧಿಸಿದ್ದು 1754ರಲ್ಲಿ. ಸ್ಪ್ಯಾನಿಷಿನಲ್ಲಿ ಹೇಳಿಕೆಗೂ ಪ್ರಶ್ನೆಗೂ ಎಷ್ಟೋ ವೇಳೆ ಪದಗಳು ಒಂದೇ, ಅವುಗಳ ಕ್ರಮವೂ ಒಂದೇ. ಓದುವವನಿಗೆ ಮೊದಲೇ ಎಚ್ಚರಿಕೆ ಕೊಡದಿದ್ದರೆ ಉದ್ದವಾದ ವಾಕ್ಯದ ಕೊನೆಗೆ ಬಂದ ಮೇಲೆ ಅವನು ರಾಗ ಬದಲಾಯಿಸಬೇಕಾದೀತು.

ಬಳುಕುಗೆರೆಯ ಕಥೆ ಎಲ್ಲಕ್ಕಿಂತ ಹಳೆಯದು. ಮಧ್ಯಯುಗದಲ್ಲಿ ಚರ್ಮದ ಹಾಳೆಗಳ ಮೇಲೆ ಬರೆಯುತ್ತಿದ್ದ ಲಿಪಿಕಾರರು, ಜಾಗವನ್ನೂ ಶ್ರಮವನ್ನೂ ಉಳಿಸಲು, ಎರಡು ಎನ್ ಜೊತೆಯಾಗಿ ಬಂದಲ್ಲಿ ಒಂದನ್ನೇ ಬರೆದು ಅದರ ಮೇಲೆ ಗುರುತು ಹಾಕುತ್ತಿದ್ದರು. ಲ್ಯಾಟಿನ್ನಿನ ‘ಆನ್ನುಸ್’ ಎಂಬ ಮಾತು ಸ್ಪ್ಯಾನಿಷಿನ ‘ಆನ್ಯೊ’ ಆಯಿತು. ಜಾಗ ಉಳಿಸಲು ಹಾಕಿದ ಗುರುತು ಕಾಲಕ್ರಮದಲ್ಲಿ ಒಂದು ಧ್ವನಿಯ ಚಿಹ್ನೆಯಾಗಿ, ಪ್ರತ್ಯೇಕವಾದ ಅಕ್ಷರವಾಗಿಯೇ ನಿಂತಿತು. ಫ್ರೆಂಚ್, ಇಟಾಲಿಯನ್, ಪೋರ್ಚುಗೀಸ್ ಭಾಷೆಗಳು ಎರಡೆರಡು ಅಕ್ಷರ ಕೂಡಿಸಿ ಬರೆಯುವ ಧ್ವನಿಯನ್ನು ಸ್ಪ್ಯಾನಿಷ್ ಒಂದರಲ್ಲಿ ಬರೆಯುತ್ತದೆ. ಆ ಧ್ವನಿಯನ್ನು ಬಾಯಲ್ಲಿ ಆಡಿ ನೋಡಿದಾಗ ರಾಯರಿಗೆ ಆಶ್ಚರ್ಯವಾಯಿತು. ಅದು ನಮ್ಮ ಞ! ಮಕ್ಕಳು ಕಾಗುಣಿತದಲ್ಲಿ ಹಾಡಿ ಮರೆಯುವ ನಮ್ಮ ಹತ್ತನೆಯ ವ್ಯಂಜನ, ಸ್ಪೇನಿನಲ್ಲಿ ಮನೆಮನೆಯ ಹೆಸರಿನಲ್ಲಿ ಕುಳಿತಿತ್ತು.

ಗೆರೆ ಏಕೆ ಬೇಕೆಂಬುದು ತಿಳಿಯಿತು. ಅದನ್ನು ಹಾಕುವುದು ಹೇಗೆ? ಹಳೆಯ ಟೈಪ್‌ರೈಟರಾಗಿದ್ದರೆ ರಾಯರಿಗೆ ಚಿಂತೆಯಿರಲಿಲ್ಲ. ಅಕ್ಷರವನ್ನು ಹೊಡೆದು, ಬ್ಯಾಕ್‌ಸ್ಪೇಸ್ ಒತ್ತಿ ಕ್ಯಾರಿಯೇಜನ್ನು ಒಂದು ಮನೆ ಹಿಂದಕ್ಕೆ ತಂದು, ಅದೇ ಅಕ್ಷರದ ನೆತ್ತಿಯ ಮೇಲೆ ಒಂಟಿ ಉದ್ಧರಣಚಿಹ್ನೆಯನ್ನು ಹೊಡೆದರೆ ಆಯಿತು. ಅಭ್ಯಾಸಬಲದಿಂದ ಕಂಪ್ಯೂಟರಿನಲ್ಲಿಯೂ ಹಾಗೆಯೇ ಮಾಡಿದರು. ಅಕ್ಷರ ಮಾಯವಾಯಿತು! ಹಳೆಯ ಯಂತ್ರದಲ್ಲಿ ಹಿಂದಕ್ಕೆ ಸರಿಯುವುದೆಂದರೆ ಬರೆದದ್ದರ ಬಳಿಗೆ ಮರಳುವುದು. ಹೊಸ ಯಂತ್ರದಲ್ಲಿ ಹಿಂದಕ್ಕೆ ಸರಿಯುವುದೆಂದರೆ ಬರೆದದ್ದನ್ನು ಅಳಿಸುವುದು. ಮೂವತ್ತು ವರ್ಷದ ಅನುಭವ ಒಂದು ಕ್ಷಣದಲ್ಲಿ ಪ್ರಯೋಜನಕ್ಕೆ ಬಾರದಾಯಿತು.

ವಿಚಿತ್ರವೆಂದರೆ, ಇಂಗ್ಲಿಷ್ ಕೀಲಿಮಣೆಯ ಎಡಭಾಗದ ಮೇಲುಮೂಲೆಯಲ್ಲಿ ಆ ಬಳುಕುಗೆರೆ ಒಂಟಿಯಾಗಿ ಕುಳಿತೇ ಇದೆ. ಪೇಟ ಇಲ್ಲಿದೆ, ತಲೆ ಅಲ್ಲಿದೆ. ಎರಡನ್ನೂ ಸೇರಿಸುವ ಏರ್ಪಾಡು ಮಾತ್ರ ಇಲ್ಲ. ಇದಕ್ಕೆ ಕಾರಣ ಅಮೆರಿಕದಲ್ಲಿ 1963ರಲ್ಲಿ ಗೊತ್ತುಪಡಿಸಿದ ‘ಆಸ್ಕಿ’ ಎಂಬ ಅಕ್ಷರಸಂಕೇತ. ಅದರಲ್ಲಿದ್ದದ್ದು ಒಟ್ಟು 128 ಮನೆಗಳು. ಇಂಗ್ಲಿಷಿನ ಅಕ್ಷರಗಳು, ಅಂಕಿಗಳು, ಚಿಹ್ನೆಗಳು, ಯಂತ್ರಕ್ಕೆ ಕೊಡುವ ಆಜ್ಞೆಗಳು ಇವುಗಳಿಗೇ ಮನೆಗಳೆಲ್ಲ ತುಂಬಿಹೋದವು. ಪರಸ್ಥಳದ ಅತಿಥಿಗಳಿಗೆ ಚಾವಡಿಯಲ್ಲಿಯೂ ಸ್ಥಳವಿರಲಿಲ್ಲ.

ತಂಗಿಯ ಮಗನನ್ನು ಕೇಳಿದಾಗ ಅವನು ಒಂದು ಮಂತ್ರವನ್ನು ಉಪದೇಶಿಸಿದ. 1981ರಲ್ಲಿ ಬಂದ ಐಬಿಎಮ್ ಕಂಪನಿಯ ಪರ್ಸನಲ್ ಕಂಪ್ಯೂಟರಿನಲ್ಲಿ ಮನೆಗಳನ್ನು 256ಕ್ಕೆ ಏರಿಸಿ, ಹೊಸ ಮನೆಗಳಲ್ಲಿ ಕೆಲವು ಯೂರೋಪಿನ ಅಕ್ಷರಗಳಿಗೆ ಸ್ಥಳ ಕೊಟ್ಟಿದ್ದರು. ಆ ಮನೆಯ ನಂಬರುಗಳು ಇಂದಿನ ವಿಂಡೋಸ್ ಯಂತ್ರಗಳಲ್ಲಿಯೂ ನಡೆಯುತ್ತವೆ. ನಮ್‌ಲಾಕ್ ಹಾಕಿ, ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಬಲಗಡೆಯ ಅಂಕಿಗಳ ಗುಂಪಿನಲ್ಲಿ 164 ಎಂದು ಒತ್ತಿ ಕೈ ಬಿಟ್ಟರೆ ಬಳುಕುಗೆರೆಯ ಎನ್ ಪ್ರತ್ಯಕ್ಷವಾಗುತ್ತದೆ. 165 ಎಂದರೆ ಅದರ ದೊಡ್ಡಕ್ಷರ. ಓರೆಗೆರೆಯ ಎ ಅಕ್ಷರಕ್ಕೆ 160, ಐ ಅಕ್ಷರಕ್ಕೆ 161, ಓ ಅಕ್ಷರಕ್ಕೆ 162, ಯು ಅಕ್ಷರಕ್ಕೆ 163. ಸಾಲಾಗಿ ಮನೆ ಮಾಡಿದ ಈ ಅಣ್ಣತಮ್ಮಂದಿರ ನಡುವೆ ಇ ಅಕ್ಷರ ಮಾತ್ರ ಜಗಳವಾಡಿ ಬೇರೆ ಬೀದಿಗೆ ಹೋದಂತೆ 130ರಲ್ಲಿದೆ. ತಲೆಕೆಳಗಾದ ಪ್ರಶ್ನೆಚಿಹ್ನೆಗೆ 168, ಆಶ್ಚರ್ಯಚಿಹ್ನೆಗೆ 173.

ರಾಯರು ಇವನ್ನೆಲ್ಲ ಒಂದು ರಟ್ಟಿನ ಮೇಲೆ ಬರೆದು ಎದುರಿಗಿಟ್ಟುಕೊಂಡರು. ಹದಿನಾಲ್ಕು ಸಾಲಿನ ಕಾಗದಕ್ಕೆ ಮೂವತ್ತಕ್ಕೂ ಹೆಚ್ಚು ಸಲ ಕೈ ಮಣೆಯನ್ನು ಬಿಟ್ಟು ಬಲಕ್ಕೆ ಓಡಬೇಕಾಯಿತು. “ಏನೂಂದ್ರೆ, ಕಾಗದ ಬರೆಯುತ್ತಿದ್ದೀರೋ ಲೆಕ್ಕ ಬರೆಯುತ್ತಿದ್ದೀರೋ?” ಎಂದು ಅಡಿಗೆಮನೆಯಿಂದ ಅವರ ಧರ್ಮಪತ್ನಿ ಕೇಳಿದರು. ಕೀಲಿಗಳನ್ನು ನೋಡದೆ ಬೆರಳಚ್ಚು ಮಾಡಿದವರಿಗೆ ಅಂಕಿ ನೋಡಿ ಅಕ್ಷರ ಹುಡುಕುವುದು, ನಡೆಯಬಲ್ಲವನು ತೆವಳಿದಂತೆ. ಅದೂ ಅಲ್ಲದೆ, ಅಂಕಿಗಳ ಗುಂಪು ಬೇರೆಯಾಗಿಲ್ಲದ ಸಣ್ಣ ಲ್ಯಾಪ್‌ಟಾಪುಗಳಲ್ಲಿ ಈ ಮಂತ್ರ ಸಾಮಾನ್ಯವಾಗಿ ಫಲಿಸುವುದೂ ಇಲ್ಲ.

ಕೊನೆಗೆ ದಾರಿ ತೋರಿಸಿದವಳು ಮಗಳೇ. ಕಂಪ್ಯೂಟರಿನ ಭಾಷೆಯ ಏರ್ಪಾಡುಗಳೊಳಗೆ ಹೋಗಿ, ‘ಯುನೈಟೆಡ್ ಸ್ಟೇಟ್ಸ್ ಇಂಟರ್‌ನ್ಯಾಷನಲ್’ ಎಂಬ ಕೀಲಿಮಣೆಯನ್ನು ಆರಿಸಿಕೊಳ್ಳಬೇಕು. ಮಣೆ ಅದೇ, ಕೀಲಿಗಳೂ ಅವೇ. ನಡತೆ ಮಾತ್ರ ಬೇರೆ. “ಮೊದಲು ಒಂಟಿ ಉದ್ಧರಣಚಿಹ್ನೆ ಒತ್ತಿ, ಅಪ್ಪ. ಏನೂ ಕಾಣಿಸುವುದಿಲ್ಲ, ಗಾಬರಿಯಾಗಬೇಡಿ. ಆಮೇಲೆ ಎ ಒತ್ತಿ” ಎಂದಳು. ರಾಯರು ಒತ್ತಿದರು. ಏನೂ ಆಗಲಿಲ್ಲ. ಎ ಅಕ್ಷರವನ್ನು ಒತ್ತಿದರು. ಅಕ್ಷರ ಗೆರೆಯನ್ನು ಧರಿಸಿಕೊಂಡೇ ಮೂಡಿತು.

ರಾಯರ ಮುಖ ಅರಳಿತು. “ಇದು ಡೆಡ್ ಕೀ ಕಣಮ್ಮ! ಇದನ್ನು ನಾನು ಬಲ್ಲೆ!” ಎಂದು ಕೂಗಿದರು. ಟೈಪ್‌ರೈಟರಿನ ಕಾಲದಲ್ಲಿ, ಒತ್ತಿದರೂ ಕ್ಯಾರಿಯೇಜನ್ನು ಮುಂದಕ್ಕೆ ಸರಿಸದ ಕೀಲಿಗೆ ಆ ಹೆಸರಿತ್ತು. ಗುರುತು ಮೊದಲು ಬೀಳುತ್ತದೆ, ಕಾಗದ ನಿಂತಲ್ಲಿಯೇ ನಿಲ್ಲುತ್ತದೆ. ಮುಂದಿನ ಅಕ್ಷರ ಬಂದು ಅದರ ಕೆಳಗೆ ಕೂಡುತ್ತದೆ. ಸ್ಪ್ಯಾನಿಷ್ ಟೈಪ್‌ರೈಟರುಗಳು ಓರೆಗೆರೆಯನ್ನು ಹಾಕುತ್ತಿದ್ದದ್ದು ಹೀಗೆಯೇ; ದೇವನಾಗರಿ ಮೊದಲಾದ ನಮ್ಮ ಲಿಪಿಗಳ ಯಂತ್ರಗಳಲ್ಲಿಯೂ ಇಂಥ ಕೀಲಿಗಳಿದ್ದವು. ಸತ್ತ ಕೀಲಿಯೆಂದು ಹೆಸರಾದರೂ ಅದು ಸತ್ತಿರುವುದಿಲ್ಲ, ಬರಬೇಕಾದವರಿಗಾಗಿ ಕಾದಿರುತ್ತದೆ. ತಮ್ಮೊಡನೆಯೇ ನಿವೃತ್ತವಾಯಿತೆಂದು ರಾಯರು ಭಾವಿಸಿದ್ದ ವಿದ್ಯೆ ಹೊಸ ಯಂತ್ರದ ಹೊಟ್ಟೆಯೊಳಗೆ ಹಾಗೆಯೇ ಉಳಿದುಕೊಂಡಿತ್ತು.

ಮುಂದಿನದೆಲ್ಲ ಸುಲಭ. ಮೇಲುಮೂಲೆಯ ಬಳುಕುಗೆರೆಯನ್ನು ಶಿಫ್ಟ್ ಕೀಲಿಯೊಡನೆ ಒತ್ತಿ ಅನಂತರ ಎನ್ ಒತ್ತಿದರೆ ವರ್ಷವು ವರ್ಷವೇ ಆಗುತ್ತದೆ. ಜೋಡಿ ಉದ್ಧರಣಚಿಹ್ನೆಯ ಮೇಲೆ ಯು ಒತ್ತಿದರೆ ಎರಡು ಚುಕ್ಕೆಯ ಯು. ಬಲಗಡೆಯ ಆಲ್ಟ್ ಕೀಲಿಯೊಡನೆ ಪ್ರಶ್ನೆಚಿಹ್ನೆಯ ಕೀಲಿ ಸೇರಿದರೆ ತಲೆಕೆಳಗಾದ ಪ್ರಶ್ನೆ. 1 ಸೇರಿದರೆ ತಲೆಕೆಳಗಾದ ಆಶ್ಚರ್ಯ. ಆ್ಯಪಲ್ ಯಂತ್ರವಾದರೆ ಆಪ್ಷನ್ ಕೀಲಿಯೊಡನೆ ಇ ಒತ್ತಿ ಅನಂತರ ಬೇಕಾದ ಸ್ವರ. ಆಪ್ಷನ್ ಕೀಲಿಯೊಡನೆ ಎನ್ ಒತ್ತಿ ಮತ್ತೊಮ್ಮೆ ಎನ್. ಮೊಬೈಲಿನಲ್ಲಿ ಅಕ್ಷರದ ಮೇಲೆ ಬೆರಳನ್ನು ಒಂದು ಗಳಿಗೆ ಒತ್ತಿ ಹಿಡಿದರೆ ಅದರ ಗೆರೆಯುಳ್ಳ ಬಂಧುಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ.

ಈ ಅನುಕೂಲಕ್ಕೂ ಒಂದು ಬೆಲೆಯುಂಟು. ಕಾಯುವ ಕೀಲಿ ಇಂಗ್ಲಿಷ್ ಬರೆಯುವಾಗಲೂ ಕಾಯುತ್ತದೆ. ಬರಿಯ ಉದ್ಧರಣಚಿಹ್ನೆ ಬೇಕಾದರೆ ಅದನ್ನು ಒತ್ತಿ ಸ್ಪೇಸ್ ಬಾರನ್ನೂ ಒತ್ತಬೇಕು. ಇದನ್ನು ಮರೆತು ರಾಯರು ಬಡಾವಣೆಯ ನೀರಿನ ಬಗ್ಗೆ ಬರೆದ ಇಂಗ್ಲಿಷ್ ಮನವಿಯೊಂದರಲ್ಲಿ, ಉದ್ಧರಣೆಯ ನಂತರ ಎ ಬಂದಲ್ಲೆಲ್ಲ ಜರ್ಮನ್ನರ ಎರಡು ಚುಕ್ಕೆಗಳು ಕುಳಿತುಕೊಂಡವು.

ಗೆರೆಗಾಗಿ ಶ್ರಮಪಟ್ಟವರು ರಾಯರೊಬ್ಬರೇ ಅಲ್ಲ. ಸ್ಪೇನಿನಲ್ಲಿ ಮಾರುವ ಕೀಲಿಮಣೆಗಳಲ್ಲಿ ಈ ಅಕ್ಷರ ಇರಲೇಬೇಕೆಂದು ಆ ದೇಶ ನಿಯಮ ಮಾಡಿತ್ತು. ಅದು ವ್ಯಾಪಾರಕ್ಕೆ ಅಡ್ಡಿಯೆಂದು 1991ರಲ್ಲಿ ಯೂರೋಪಿಯನ್ ಸಮುದಾಯ ಆಕ್ಷೇಪಿಸಿತು. ಸ್ಪ್ಯಾನಿಷ್ ಆಡುವ ಜಗತ್ತು ಕೆರಳಿತು. ನೊಬೆಲ್ ಬಹುಮಾನ ಪಡೆದ ಕೊಲಂಬಿಯದ ಕಾದಂಬರಿಕಾರ ಗಾಬ್ರಿಯೆಲ್ ಗಾರ್ಸಿಯಾ ಮಾರ್ಕೆಸ್ ಅವರೂ ಅಕ್ಷರದ ಪರವಾಗಿ ಲೇಖನಿ ಹಿಡಿದರು. ಸಂಸ್ಕೃತಿಯ ರಕ್ಷಣೆಗೆ ಅವಕಾಶವಿದ್ದ ಮಾಸ್ಟ್ರಿಕ್ಟ್ ಒಪ್ಪಂದವನ್ನು ಆಧಾರವಾಗಿಟ್ಟುಕೊಂಡು ಸ್ಪೇನ್ 1993ರಲ್ಲಿ ರಾಜಾಜ್ಞೆ ಹೊರಡಿಸಿ ತನ್ನ ಅಕ್ಷರವನ್ನು ಉಳಿಸಿಕೊಂಡಿತು. ಅಮೆರಿಕದ ಬೇಸ್‌ಬಾಲ್ ಆಟಗಾರರ ಅಂಗಿಯ ಬೆನ್ನಿನ ಮೇಲೆ ಗೆರೆಸಹಿತವಾದ ಹೆಸರು ಬರೆಯಬೇಕೆಂದು 2016ರಲ್ಲಿ ಒಂದು ಚಳವಳಿಯೇ ನಡೆಯಿತು. ಮರುವರ್ಷ, ಕ್ಯಾಲಿಫೋರ್ನಿಯದ ಜನನಪತ್ರಗಳಲ್ಲಿ ಗೆರೆಗಳಿಗೆ ಅವಕಾಶ ಕೊಡಬೇಕೆಂಬ ಮಸೂದೆಯನ್ನು ಅಲ್ಲಿನ ಗವರ್ನರ್ ಜೆರ್ರಿ ಬ್ರೌನ್ ತಿರಸ್ಕರಿಸಿದರು. ಉಳಿದ ಸರ್ಕಾರಿ ದಾಖಲೆಗಳಲ್ಲಿ ಇಲ್ಲದ್ದನ್ನು ಇಲ್ಲಿ ಮಾತ್ರ ತರುವುದು ಕಷ್ಟ, ವೆಚ್ಚವೂ ಅಧಿಕ ಎಂಬುದು ಅವರ ಕಾರಣ. ಕಚೇರಿಯಲ್ಲಿ ಜೀವಮಾನ ಕಳೆದ ರಾಯರಿಗೆ ಆ ಕಾರಣ ಅರ್ಥವಾಗದೆ ಇರಲಿಲ್ಲ. ಆದರೆ ಮಗುವಿಗೆ ಹೆಸರಿಟ್ಟ ತಾಯಿಗೆ ಅದನ್ನು ಹೇಳುವವರು ಯಾರು?

ಶುಕ್ರವಾರ ಸಂಜೆ ರಾಯರು ಕಾಗದವನ್ನು ಹೊಸದಾಗಿ ಬೆರಳಚ್ಚು ಮಾಡಿದರು. ಮೊದಲ ಸಾಲಿಗೆ ಬಂದಾಗ ಬೆರಳು ಬಳುಕುಗೆರೆಯನ್ನು ಒತ್ತಿ ಒಂದು ಕ್ಷಣ ನಿಂತಿತು, ಅನಂತರ ಎನ್. ದುಃಖ ಹೋಗಿ ಬಂಡೆ ನಿಂತಿತು. ಪೋಪ್ ಮಹಾಶಯರು ರೋಮಿಗೆ ಹಿಂದಿರುಗಿದರು. ಮಗಳಿಗೆ 28 ವರ್ಷಗಳಾದವು. ಕಾಗದ ಹೊರಟಿತು.

ಮೂರನೆಯ ದಿನ ಬೀಗರ ಉತ್ತರ ಬಂದಿತು. ತಮ್ಮ ಮನೆತನದ ಹೆಸರು ಅಷ್ಟು ದೂರದಿಂದ ಮುಕ್ಕಾಗದೆ ಬಂದುದನ್ನು ಕಂಡು ಅಜ್ಜಿಗೆ ಬಹಳ ಸಂತೋಷವಾಯಿತೆಂದು ಬರೆದಿದ್ದರು. ಕೊನೆಯಲ್ಲಿ, ಎರಡೂ ಕಡೆ ಚಿಹ್ನೆಯಿದ್ದ ಒಂದು ಪ್ರಶ್ನೆ: ‘ನಿಮ್ಮ ಮಗಳ ಹೆಸರನ್ನು ನಾವು ನಮ್ಮ ಅಕ್ಷರಗಳಲ್ಲಿ ಬರೆಯುತ್ತಿದ್ದೇವೆ. ಅವಳು ಎಂದೂ ಏನೂ ಹೇಳಿಲ್ಲ. ನಾವು ಬಿಟ್ಟಿರುವುದು ಏನಾದರೂ ಉಂಟೆ?’

ಆ ಹೆಸರಿನಲ್ಲಿ ಒಂದು ಣಕಾರವಿತ್ತು, ಒಂದು ಳಕಾರವಿತ್ತು. ಪಾಸ್‌ಪೋರ್ಟಿನಲ್ಲಿ ಎರಡೂ ಹೋಗಿ ವರ್ಷಗಳೇ ಆಗಿದ್ದವು. ಹಾಗೆ ಹೋದದ್ದನ್ನು ರಾಯರೂ ಗಮನಿಸಿರಲಿಲ್ಲ. ಕೀಲಿಮಣೆಯನ್ನು ಅವರು ಕನ್ನಡಕ್ಕೆ ತಿರುಗಿಸಿದರು. 1991ರಲ್ಲಿ ಹೊರಬಂದ ಯೂನಿಕೋಡ್ ಎಂಬ ಜಗತ್ತಿನ ಅಕ್ಷರಪಟ್ಟಿಯಲ್ಲಿ ಬಳುಕುಗೆರೆಯ ಎನ್ ಅಕ್ಷರಕ್ಕೂ ಮನೆಯಿದೆ, ಕನ್ನಡದ ಅಕ್ಷರಗಳಿಗೂ ಮನೆಯಿದೆ. ಇಲ್ಲಿ ಬರೆದದ್ದು ಮ್ಯಾಡ್ರಿಡ್ಡಿನಲ್ಲಿಯೂ ಹಾಗೆಯೇ ಕಾಣುತ್ತದೆ.

“ಇನ್ನೂ ಕುಳಿತಿದ್ದೀರಲ್ಲ, ಏನು ಬರೆಯುತ್ತಿದ್ದೀರಿ?” ಎಂದು ದೀಪ ಹಚ್ಚಲು ಬಂದ ಧರ್ಮಪತ್ನಿ ಕೇಳಿದರು.

“ಮಗುವಿನ ಹೆಸರು.”

“ಅಷ್ಟಕ್ಕೆ ಇಷ್ಟು ಹೊತ್ತೆ?”

ರಾಯರು ಉತ್ತರ ಕೊಡಲಿಲ್ಲ. ಕನ್ನಡಕವನ್ನು ಒರೆಸಿ ಹಾಕಿಕೊಂಡು, ಣಕಾರ ಳಕಾರಗಳನ್ನು ಮತ್ತೊಮ್ಮೆ ನೋಡಿ, ಕಳುಹಿಸುವ ಕೀಲಿಯನ್ನು ಒತ್ತಿದರು.